ತೊಟ್ಟಿಯ ನೀರಿಗೆ ಬೇಳೆಯ ಪರೀಕ್ಷೆ

ಸುಖಕ್ಕೆಂದು ತಂದ ವಸ್ತುವಿನ ಕಾವಲಿಗೆ ನಿಂತು, ಇದ್ದ ಸುಖವನ್ನೂ ಕಳೆದುಕೊಳ್ಳುವವರು ಊರಿಗೊಬ್ಬರಾದರೂ ಇರುತ್ತಾರೆ. ಬಳ್ಳಾರಿಯ ಪಾಲಿಗೆ ಆ ಒಬ್ಬ ನಾನೇ. ನಮ್ಮದು ಜೀನ್ಸ್ ಪ್ಯಾಂಟಿಗೆ ಬೇಕಾದ ಗುಂಡಿ, ಜಿಪ್ ಮಾರುವ ಅಂಗಡಿ. ಅಂಗಡಿಯಲ್ಲಿ ಕೂತರೆ ಮನೆಯ ಗ್ಯಾಸ್ ಆರಿಸಿದ್ದಾರೋ ಇಲ್ಲವೋ ಎಂಬ ಚಿಂತೆ. ಮನೆಗೆ ಬಂದರೆ ಅಂಗಡಿಯ ಬೀಗದ ಚಿಂತೆ. ಇಂಥವನು ಮನೆಗೆ ಸ್ಪಾ ತೊಟ್ಟಿ ತಂದರೆ ಏನಾಗಬೇಕೋ ಅದೇ ಆಯಿತು.

ತಂದದ್ದು ಹೆಂಡತಿ ಗಿರಿಜಾಳ ಮೊಣಕಾಲಿಗಾಗಿ. ಸಿರುಗುಪ್ಪದಲ್ಲಿ ಅವಳ ತಮ್ಮ ಬಸಣ್ಣನ ಮಗಳ ಮದುವೆ ಹತ್ತಿರ ಬಂದಿತ್ತು. ಸೋದರತ್ತೆಯಾಗಿ ಆರತಿ ತಟ್ಟೆ ಹಿಡಿದು ಕೊನೆಯವರೆಗೂ ನಿಲ್ಲಬೇಕೆಂಬುದೊಂದೇ ಅವಳ ಆಸೆ. ಗುಳುಗುಳು ಎನ್ನುವ ಬಿಸಿನೀರಿನಲ್ಲಿ ದಿನವೂ ಕೂತರೆ ನೋವು ಇಳಿಯುತ್ತದೆಂದು ಯಾರೋ ಹೇಳಿದರು. ತೊಟ್ಟಿ ತಂದು ಹಿತ್ತಿಲಲ್ಲಿ ಕೂರಿಸಿ, ನಮ್ಮ ಬೋರಿನ ನೀರನ್ನೇ ತುಂಬಿಸಿದೆ. ಬಕೀಟಿಗೆ ಬಿಳಿ ಪಟ್ಟೆ ಬಳಿಯುವ ನೀರು ಅದು, ಸಾಬೂನಿಗೂ ಜಗ್ಗುವುದಿಲ್ಲ. ಅವಳು ಇಳಿಯುವ ಮೊದಲೇ ತೊಟ್ಟಿಯ ಒಳಮೈ ಉಪ್ಪುಕಾಗದದಂತೆ ಒರಟಾಯಿತು, ನೀರು ಚಿಮ್ಮುವ ತೂತುಗಳು ಅರ್ಧ ಕಟ್ಟಿದವು. ಮಾರಿದವನಿಗೆ ಫೋನ್ ಮಾಡಿದೆ.

"ನೀರು ಗಡಸು ಇದ್ರ ಸುಣ್ಣ ಕಟ್ತೈತ್ರಿ ಸರ. ಮೆದು ನೀರು ತುಂಬ್ರಿ" ಅಂದ.

ಮೆದು ನೀರೆಂದರೆ ಸಿರುಗುಪ್ಪ. ಬಸಣ್ಣ ಮದುವೆಯ ಗಡಿಬಿಡಿಯಲ್ಲೂ ಗಾಡಿಯಲ್ಲಿ ಡ್ರಮ್ಮುಗಟ್ಟಲೆ ಕಾಲುವೆ ನೀರು ಸೋಸಿ ಕಳಿಸಿದ. ಗುಂಡಿ ಒತ್ತಿದ್ದೇ ತಡ, ತೊಟ್ಟಿಯಿಂದ ನೊರೆ ಎದ್ದು ತುಳಸಿಕಟ್ಟೆಯವರೆಗೂ ಬಂತು. ಮತ್ತೆ ಫೋನ್.

"ಭಾಳ ಮೆದು ಆದ್ರೂ ನಡಿಯಂಗಿಲ್ರಿ, ನೊರಿ ಏಳ್ತೈತಿ, ಹೀಟರ್ ತಿಂದು ಹಾಕ್ತೈತಿ. ನಡುವಿಂದು ಇರ್ಬೇಕು."

ನೀರು ಪರೀಕ್ಷಿಸಲು ಅವನು ಕೊಟ್ಟ ಕಾಗದದ ಪಟ್ಟಿಯ ಬಣ್ಣ ನನಗೆ ಒಮ್ಮೆ ನೇರಳೆ ಹಣ್ಣಿನಂತೆ, ಮರುಗಳಿಗೆ ಬದನೆಕಾಯಿಯಂತೆ ಕಂಡು ನಿದ್ದೆಗೆಡಿಸಿತು. ನಮ್ಮ ಕಡೆ ನೀರಿನ ಗುಣ ಹೇಳುವುದು ಕಾಗದವಲ್ಲ, ತೊಗರಿಬೇಳೆ. ಬೋರಿನ ನೀರಿನಲ್ಲಿ ಅದು ಎಷ್ಟು ಕುದಿಸಿದರೂ ಕಾಳುಕಾಳಾಗಿ ಉಳಿಯುತ್ತದೆ, ಕಾಲುವೆ ನೀರಿನಲ್ಲಿ ಕರಗಿ ಹೋಗುತ್ತದೆ. ಕುರುಗೋಡಿನಲ್ಲಿರುವ ನಮ್ಮ ಅಕ್ಕನನ್ನು ಕೇಳಿದೆ.

"ನಮ್ಮ ಬಾವಿ ನೀರಾಗ ಬೇಳಿ ಒಂದೀಟು ಹಟ ಮಾಡ್ತೈತಿ, ಆದ್ರ ಬೇಯ್ತೈತಪ್ಪ" ಅಂದಳು ಅಕ್ಕ.

ಸಿಕ್ಕಿತಲ್ಲ ನಡುವಿನದು! ಬೇಳೆ ಹಾಗೆಯೇ ಬೇಯುವವರೆಗೆ ಬೋರಿನ ನೀರಿಗೆ ಕಾಲುವೆ ನೀರು ಬೆರೆಸುವುದು, ಒಂದು ಪಾತ್ರೆ ಒಲೆಗೇರಿಸುವುದು, ಬೇಳೆ ಹಿಚುಕಿ ನೋಡುವುದು, ಓಡಿ ಹೋಗಿ ಮತ್ತೆ ಬೆರೆಸುವುದು. ಅಂಗಡಿಗೆ ಹೋಗುವುದೇ ನಿಂತಿತು. ಮನೆಯಲ್ಲಿ ಮೂರು ಹೊತ್ತೂ ಸಾರು.

"ಬೇಳಿ ಬೇಯಿಸಾಕ ತಂದೀರೋ, ನನ್ನ ಕಾಲಿಗೆ ತಂದೀರೋ?" ಎಂದು ಗಿರಿಜಾ ಗೋಡೆ ಹಿಡಿದುಕೊಂಡೇ ಕೇಳಿದಳು.

"ತಡಿ ಮಾರಾಯ್ತಿ, ಹದಕ್ಕ ಬಂತು!"

ಬಂದೂ ಬಂತು. ಬೇಳೆ ಥೇಟ್ ಕುರುಗೋಡಿನಂತೆ ಹಟ ಮಾಡಿ ಬೆಂದಿತು, ಕಾಗದವೂ ಹೌದೆಂದಿತು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಗಿರಿಜಾ ಮೊಣಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಬಂದಳು. ಬಿಸಿನೀರಿಗೆ ಇಳಿಯುವವರು ಎಣ್ಣೆ ಹಚ್ಚಿಕೊಳ್ಳದೆ ಇಳಿದಾರೇ? ನಾನು ಎರಡೂ ಕೈ ಚಾಚಿ ಅಡ್ಡ ನಿಂತೆ.

"ಎಣ್ಣಿ ಹಚ್ಕೊಂಡು ಇಳೀಬ್ಯಾಡ! ನೀರು ಕೆಡ್ತೈತಿ!"

ಅವಳು ನನ್ನನ್ನು ನೋಡಿದಳು, ನೀರನ್ನು ನೋಡಿದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಚೀಲ ತುಂಬಿಕೊಂಡು, ಮದುವೆಗೆ ಇನ್ನೂ ದಿನಗಳಿರುವಾಗಲೇ ಸಿರುಗುಪ್ಪದ ಬಸ್ಸು ಹತ್ತಿದಳು. ಹಿಂದೆಯೇ ಹೋಗಬೇಕಿತ್ತು, ಆದರೆ ಆವಿಯಾದಷ್ಟೂ ನೀರಿನ ಗಡಸು ಏರುತ್ತದಂತಲ್ಲ, ಬಿಟ್ಟು ಹೋಗುವುದು ಹೇಗೆ? ತೊಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಾದೆ.

ಮದುವೆಯ ದಿನ ಹೋದೆ. ತಮ್ಮನ ಮನೆಯಲ್ಲಿ ದಿನವೂ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಸುರಿದುಕೊಂಡಿದ್ದ ಗಿರಿಜಾ, ಆರತಿ ತಟ್ಟೆ ಹಿಡಿದು ಕೊನೆಯವರೆಗೂ ನಿಂತಳು. ನೋಡಿ ನನ್ನ ಕಣ್ಣು ತುಂಬಿ ಬಂತು. ಊಟದ ಪಂಕ್ತಿಯಲ್ಲಿ ನೆಲಕ್ಕೆ ಕೂತು ಹೋಳಿಗೆ ಹೊಡೆದೆ. ಎಲ್ಲರೂ ಎದ್ದರು. ನಾನು ಏಳಲಿಲ್ಲ. ತೊಟ್ಟಿ ಕಾದೂ ಕಾದೂ ನನ್ನ ಮೊಣಕಾಲು ಹಿಡಿದುಕೊಂಡುಬಿಟ್ಟಿತ್ತು.

ಗಿರಿಜಾ ಬಂದು ಕೈ ಕೊಟ್ಟು ಎಬ್ಬಿಸಿದಳು.

"ನೀರು ಆರಾಮೈತ್ರಿ?"

"ಐತಿ" ಅಂದೆ, ಹಲ್ಲು ಕಚ್ಚಿಕೊಂಡು.

"ಹಂಗಾರ ಮನಿಗೆ ಹೋಗಿ ಇಳೀರಿ. ಎಣ್ಣಿ ಮಾತ್ರ ಹಚ್ಕೊಬ್ಯಾಡ್ರಿ."