ಖಾಲಿ ಸ್ಲಾಟಿನ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಜೀವಮಾನದಲ್ಲಿ ಪೂರ್ತಿಯಾದ ಒಂದೇ ಒಂದು ಸಾಮಾನನ್ನೂ ಮನೆಗೆ ತಂದವರಲ್ಲ. ಹಾಗೆಂದು ಮುರುಕಲು, ಹರಕಲು ತರುತ್ತಾರೆಂದುಕೊಳ್ಳಬೇಡಿ. ಎಲ್ಲವೂ ಹೊಸದೇ, ಗಟ್ಟಿಯದೇ. ಆದರೆ ಅದರಲ್ಲಿ ಎಲ್ಲೋ ಒಂದು ಕಡೆ ಜಾಗ ಖಾಲಿ ಇರಲೇಬೇಕು! ಯಾಕೆಂದು ಕೇಳಿದರೆ ಒಂದೇ ಉತ್ತರ: "ಮುಂದಕ್ಕೆ ಬೇಕಾಗುತ್ತೆ."

ಈ ಸಿದ್ಧಾಂತಕ್ಕೆ ಮೊದಲ ಬಲಿ ನಾನು. ಅವರಿಗೆ ಮಕ್ಕಳಿಲ್ಲ. ಆ ಹುದ್ದೆಗೆ ನಾನು ಅರ್ಜಿ ಹಾಕದಿದ್ದರೂ ನನ್ನನ್ನು ನೇಮಿಸಿಕೊಂಡಿದ್ದರು. ರಜೆ ಬಂತೆಂದರೆ ನಾನು ಹನುಮಂತನಗರದ ಅವರ ಮನೆಯಲ್ಲೇ. ಅವರು ಹೊಲಿಸಿಕೊಡುತ್ತಿದ್ದ ಲಂಗಗಳ ಅಂಚಿನಲ್ಲಿ ಒಂದರ ಮೇಲೊಂದು ಮಡಿಚಿ ಹೊಲಿದ ಟಕ್. ವರ್ಷಕ್ಕೊಂದು ಬಿಚ್ಚುವುದು. ಲಂಗದ ಬಣ್ಣವೆಲ್ಲ ಮಾಸಿ, ಟಕ್ ಬಿಚ್ಚಿದ ಜಾಗ ಮಾತ್ರ ಹೊಚ್ಚ ಹೊಸದಾಗಿ ಹೊಳೆಯುತ್ತಾ ನಾನು ಎಷ್ಟು ಉದ್ದ ಬೆಳೆದೆನೆಂದು ಬೀದಿಗೆಲ್ಲ ಸಾರುತ್ತಿತ್ತು! ಶೂಗಳ ಕಥೆ ಕೇಳಲೇಬೇಡಿ. ತುದಿಗೆ ಹತ್ತಿ ತುರುಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಹತ್ತಿ ತೆಗೆಯುವಷ್ಟು ಕಾಲು ಬೆಳೆಯುವ ಹೊತ್ತಿಗೆ ಅಡಿ ಸವೆದುಹೋಗಿರುತ್ತಿತ್ತು.

ಮನೆಯೂ ಅಷ್ಟೇ. ತಾರಸಿಯ ಮೂಲೆಮೂಲೆಯಲ್ಲೂ ಕಬ್ಬಿಣದ ಕಂಬಿಗಳು ಆಕಾಶ ನೋಡುತ್ತಾ ನಿಂತಿವೆ. ಮೊದಲನೇ ಮಹಡಿಗೆ ಪ್ರಾವಿಷನ್ ಅಂತೆ! ಆ ಮಹಡಿ ಇಂದಿಗೂ ಎದ್ದಿಲ್ಲ. ದೊಡ್ಡಮ್ಮ ಕಂಬಿಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. "ನಿಮ್ಮ ದೊಡ್ಡಪ್ಪ ಕಟ್ಟಿಸಿದ ಮಹಡೀಲಿ ನನ್ನ ಸೀರೆಗಳು ಬಾಡಿಗೆಗಿವೆ ಕಣೇ" ಎನ್ನುತ್ತಾರೆ.

ಇಂಥ ಮನುಷ್ಯ ಎಪ್ಪತ್ತು ದಾಟಿದ ಮೇಲೆ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಲು ಹೊರಟರೆ ಏನಾಗಬೇಡ?

ತಪ್ಪು ನನ್ನದೇ. ದೊಡ್ಡಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಬಡಾವಣೆಗಳ ನಕ್ಷೆ ಬರೆದು ನಿವೃತ್ತರಾದವರು. ತಾವು ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗಗಳೆಲ್ಲ ನೆಲದ ಮೇಲೆ ಭರ್ತಿಯಾಗಿಬಿಟ್ಟವಲ್ಲ ಎಂಬ ಕೊರಗು ಅವರಿಗೆ. ಅದನ್ನು ಕೇಳಿ ಕೇಳಿ ಸಾಕಾಗಿ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಊರು ಕಟ್ಟುವ ಆಟವೊಂದನ್ನು ಹಾಕಿಕೊಟ್ಟೆ. ರಸ್ತೆ ಎಳೆಯಬೇಕು, ನೀರು, ಕರೆಂಟು ಕೊಡಬೇಕು, ಜನ ತಾವಾಗಿಯೇ ಬಂದು ಸೇರುತ್ತಾರೆ. ಆಮೇಲೆ ದೊಡ್ಡಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಕೆರೆ ಮುಚ್ಚದ ಊರು, ಫುಟ್‌ಪಾತ್ ಇರುವ ಊರು, ಪ್ರತಿ ರಸ್ತೆಯ ಪಕ್ಕದಲ್ಲೂ "ಮುಂದಕ್ಕೆ" ಎಂದು ಜಾಗ ಬಿಟ್ಟ ಊರು!

ಊರು ಬೆಳೆಯಿತು. ಒಬ್ಬೊಬ್ಬರೂ ಎಲ್ಲಿಗೆ ಹೊರಟರು, ಯಾವ ಬಸ್ಸು ಹತ್ತಿದರು ಎಂದು ಯಂತ್ರ ಲೆಕ್ಕ ಇಡಬೇಕಲ್ಲ, ನನ್ನ ಬಡಪಾಯಿ ಲ್ಯಾಪ್‌ಟಾಪ್ ಸುಸ್ತಾಗಿ ನಿಂತೇಹೋಯಿತು. ಸಂಜೆ ಹೊತ್ತು ಬನಶಂಕರಿ ಬಸ್‌ಸ್ಟ್ಯಾಂಡ್ ಮುಂದೆ ಆಗುವ ಹಾಗೆ ಪರದೆಯ ಮೇಲೆ ಒಂದೂ ಗಾಡಿ ಅಲುಗಲಿಲ್ಲ.

"ಪುಟ್ಟೀ, ಊರಿನ ತಪ್ಪಲ್ಲ, ಡಬ್ಬ ಸಣ್ಣದಾಯ್ತು. ದೊಡ್ಡದು ತರೋಣ ನಡಿ" ಎಂದರು.

ಜಯನಗರದ ಅಂಗಡಿಗೆ ಹೋದೆವು. ಎಲ್ಲರೂ ಅಂಗಡಿಗೆ ಕಾರ್ಡು ತೆಗೆದುಕೊಂಡು ಹೋದರೆ ಇವರು ಸ್ಕ್ರೂಡ್ರೈವರ್ ಮತ್ತು ಟಾರ್ಚು ತೆಗೆದುಕೊಂಡು ಬಂದಿದ್ದರು.

"ಮೊಮ್ಮಗನಿಗಾ ಅಂಕಲ್?" ಸೇಲ್ಸ್‌ನವನು ಕೇಳಿದ.

"ನನಗೇ."

ಅವನು ನನ್ನ ಮುಖ ನೋಡಿದ. ನಾನು ಗೋಡೆಗೆ ನೇತುಹಾಕಿದ್ದ ಮೌಸುಗಳನ್ನು ನೋಡಿದೆ. ಅವನು ತೆಳ್ಳಗೆ ಮಿರಮಿರ ಮಿಂಚುವ ಒಂದನ್ನು ತಂದಿಟ್ಟ. "ಸಖತ್ ಪೀಸ್ ಸಾರ್. ಎತ್ತಿ ನೋಡಿ, ಹೂವಿನ ಹಾಗಿದೆ."

ದೊಡ್ಡಪ್ಪ ಎತ್ತಲಿಲ್ಲ, ಬೋರಲು ಹಾಕಿದರು. "ಹಿಂದ್ಗಡೆ ಬಿಚ್ಚಿ."

"ಬಿಚ್ಚೋದಾ ಸಾರ್?"

"ಒಳಗಡೆ ಜಾಗ ನೋಡ್ಬೇಕಲ್ಲ. ಸೈಟ್ ನೋಡ್ದೆ ಯಾರಾದ್ರೂ ಮನೆ ತಗೋತಾರೇನ್ರೀ?"

"ಇದ್ರಲ್ಲಿ ರ‍್ಯಾಮನ್ನ ಅಂದ್ರೆ ಮೆಮೊರಿನ ಬೋರ್ಡಿಗೇ ಸೋಲ್ಡರ್ ಮಾಡಿರ್ತಾರೆ ಸಾರ್, ಆಮೇಲೆ ಹೆಚ್ಚಿಸೋಕಾಗಲ್ಲ. ಆದ್ರೆ ಈಗಿರೋದೇ ಧಾರಾಳವಾಗಿದೆ. ಅಷ್ಟು ಸಾಕು ಬಿಡಿ."

ಸಾಕು ಬಿಡಿ! ದೊಡ್ಡಪ್ಪನ ಮುಂದೆ ಯಾರೂ ಆಡಬಾರದ ಮಾತದು. "ಬೆಸುಗೆ ಹಾಕ್ಬಿಟ್ಟಿದ್ದಾರಾ?" ಎಂದು ಆ ಯಂತ್ರದ ಬೆನ್ನನ್ನು ಒಮ್ಮೆ ಸವರಿದರು. "ಅಯ್ಯೋ ಪಾಪ, ಹಾಗಾದ್ರೆ ಇದು ಹುಟ್ಟಿದಷ್ಟೇನಾ? ಬೆಳೆಯೋದೇ ಇಲ್ವಾ?" ಎಂದವರೇ ಎದ್ದು ಹೊರಟುಬಿಟ್ಟರು.

ಒಂದಾದ ಮೇಲೊಂದು ಅಂಗಡಿ. ಕಾಲು ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು, ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಅಮೂಲ್ಯ ಶನಿವಾರ ಹಾಳಾಗುತ್ತಿತ್ತು. ಗ್ರಾಫಿಕ್ಸ್ ಚಿಪ್ಪನ್ನು ಯಾವ ಲ್ಯಾಪ್‌ಟಾಪಿನಲ್ಲೂ ಆಮೇಲೆ ಬದಲಿಸಲು ಬರುವುದಿಲ್ಲ ಎಂದು ಗೊತ್ತಾದಾಗ ಅವರ ಮುಖ ಸಣ್ಣದಾಯಿತು. "ಹೋಗ್ಲಿ, ಅದನ್ನ ಈಗ್ಲೇ ದೊಡ್ಡದು ತಗೊಂಡ್ರಾಯ್ತು" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಕೊನೆಗೆ ಊಟದ ಮಣೆಯಷ್ಟು ದಪ್ಪನೆಯ ಒಂದು ಸಿಕ್ಕಿತು. ಅಂಗಡಿಯವರು ಬೇಸತ್ತು ಬಿಚ್ಚಿಯೂ ತೋರಿಸಿದರು. ರ‍್ಯಾಮಿಗೆ ಎರಡು ಸ್ಲಾಟು, ಒಂದು ಭರ್ತಿ, ಇನ್ನೊಂದು ಖಾಲಿ. ದೊಡ್ಡಪ್ಪ ಆ ಖಾಲಿ ಸ್ಲಾಟಿಗೆ ಟಾರ್ಚು ಬಿಟ್ಟು ನೋಡಿದರು ನೋಡಿ, ಮಂಗಳಾರತಿಯ ಬೆಳಕಿನಲ್ಲಿ ದೇವರನ್ನೂ ಅವರು ಹಾಗೆ ನೋಡಿದವರಲ್ಲ!

"ಅದಕ್ಕೂ ಒಂದು ಹಾಕ್ಬಿಡ್ಲಾ ಸಾರ್? ಜೋಡಿ ಇದ್ರೆ ಸ್ಪೀಡು ಜಾಸ್ತಿ."

"ಮುಟ್ಬೇಡಿ! ಈಗ್ಲೇ ತುಂಬಿಸಿಬಿಟ್ರೆ ಮುಂದಕ್ಕೆ ಏನ್ರೀ ಮಾಡ್ಲಿ?"

ಎಪ್ಪತ್ತೊಂದರ ಮನುಷ್ಯನ ಮುಂದಕ್ಕೆ! ಅಂಗಡಿಯವರು ನಕ್ಕರು, ನಾನೂ ನಕ್ಕೆ.

ಮನೆಗೆ ಬಂದ ಲ್ಯಾಪ್‌ಟಾಪ್ ಆನ್ ಆಗಿ ಊರಿನ ತುಂಬ ಜನ ಸೇರುತ್ತಲೇ ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ದೊಡ್ಡಮ್ಮ ಅಡುಗೆಮನೆಯಿಂದ ಓಡಿಬಂದರು. "ಏನ್ರೀ ಇದು, ಹಾರಿಹೋಗುತ್ತಾ?"

"ಸೆಖೆ ಆಗ್ತಿದೆ ಅದಕ್ಕೆ. ಕೆಳಗಿಂದ ಗಾಳಿ ಬೇಕು" ಎಂದ ದೊಡ್ಡಪ್ಪ ಸುತ್ತ ನೋಡಿದರು. ಮರುದಿನ ದೊಡ್ಡಮ್ಮನ ಇಡ್ಲಿ ತಟ್ಟೆಗಳು ಕಾಣೆಯಾದವು. ತೂತು ತೂತಿನ ಆ ತಟ್ಟೆಗಳು ಬೋರಲಾಗಿ ಲ್ಯಾಪ್‌ಟಾಪಿನ ಅಡಿಗೆ ಸೇರಿದ್ದವು! ಬಿಸಿ ಇಳಿಯಿತು, ದೊಡ್ಡಮ್ಮನ ಬಿಸಿ ಏರಿತು. ಎರಡು ದಿನ ಮನೆಯಲ್ಲಿ ಮಾತಿಲ್ಲ, ಇಡ್ಲಿಯಂತೂ ಮೊದಲೇ ಇಲ್ಲ.

ರಾಜಿಯಾದದ್ದು ಚಳಿಗಾಲದಲ್ಲಿ. ಡಿಸೆಂಬರಿನಲ್ಲಿ ಬೆಂಗಳೂರಿನ ದೋಸೆ ಹಿಟ್ಟು ಹುಳಿ ಬರುವುದುಂಟೇ? ಕಂಬಳಿ ಹೊದಿಸಿದರೂ ಉಬ್ಬುವುದಿಲ್ಲ. ಒಂದು ದಿನ ದೊಡ್ಡಮ್ಮ ಲ್ಯಾಪ್‌ಟಾಪಿನ ಹಿಂದಿನಿಂದ ಬರುವ ಬಿಸಿಗಾಳಿಗೆ ಕೈ ಒಡ್ಡಿದರು, ಯೋಚಿಸಿದರು, ಸೀದಾ ಹೋಗಿ ಹಿಟ್ಟಿನ ಪಾತ್ರೆ ತಂದು ಪಕ್ಕಕ್ಕಿಟ್ಟರು. ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿಕೊಂಡು ನಿಂತಿತ್ತು! ಅಂದಿನಿಂದ ಅವರೇ ಗೇಮಿಂಗ್ ಪಕ್ಷ. "ರೀ, ನಿಮ್ಮೂರಿಗೆ ಇನ್ನೊಂದಿಷ್ಟು ಜನಾನ ಸೇರಿಸ್ರೀ, ಹಿಟ್ಟು ಇನ್ನೂ ಉಬ್ಬಿಲ್ಲ!"

ಅದೇ ಚಳಿಗಾಲದಲ್ಲಿ ದೊಡ್ಡಪ್ಪ ನನಗೆ ಪಾಠ ಮಾಡಿದರು. ಬಿಸಿ ಮಿತಿ ಮೀರಿದರೆ ಯಂತ್ರ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದಂತೆ. "ಅದು ಸೋಮಾರಿತನ ಅಲ್ಲ ಪುಟ್ಟಿ, ಜೀವ ಉಳಿಸ್ಕೊಳ್ಳೋ ಉಪಾಯ."

ತಾರಸಿಗೆ ಹತ್ತುವಾಗ ಅವರು ಅರ್ಧ ಮೆಟ್ಟಿಲಲ್ಲಿ ನಿಂತು ಪಕ್ಕದ ಮನೆಯ ಕಡೆ ನೋಡುತ್ತಿದ್ದರು. "ನುಗ್ಗೆಮರ ಕಾಯಿ ಬಿಟ್ಟಿದೆ ನೋಡು" ಎನ್ನುತ್ತಿದ್ದರು, ನಾನು ನೋಡದೆಯೇ ಹೂಂ ಎನ್ನುತ್ತಿದ್ದೆ. ಮುಂದಿನ ವಾರವೂ ಅಲ್ಲೇ ನಿಂತರು, ಅದೇ ಮಾತು. ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ಆ ಮರ ಕಡಿದು ತಿಂಗಳಾಯ್ತು ಕಣೇ. ಇವರಿಗೆ ಉಸಿರು ಸಾಲ್ತಿಲ್ಲ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಹೃದಯದ ಕವಾಟವೊಂದು ಕಲ್ಲಿನಂತೆ ಗಟ್ಟಿಯಾಗಿದೆ, ಬದಲಿಸದಿದ್ದರೆ ಹೆಚ್ಚು ದಿನ ನಡೆಯದು ಎಂದರು ಡಾಕ್ಟರು. ನಾನೂ ದೊಡ್ಡಮ್ಮನೂ ಕೈ ಕೈ ಹಿಡಿದು ಕೂತಿದ್ದೆವು. ದೊಡ್ಡಪ್ಪ ಮಾತ್ರ ಅಂಗಡಿಯಲ್ಲಿ ಕೂತಂತೆ ಕೂತಿದ್ದರು.

"ಹೊಸ ಕವಾಟ ಎಷ್ಟು ವರ್ಷ ಬರುತ್ತೆ ಡಾಕ್ಟ್ರೇ?"

"ಹತ್ತು, ಹದಿನೈದು ವರ್ಷ ಆರಾಮಾಗಿ ಬರುತ್ತೆ."

"ಆಮೇಲೆ?"

"ಆಮೇಲಾ?" ಡಾಕ್ಟರು ನಕ್ಕರು. "ಅಂಕಲ್, ನಿಮ್ಮ ವಯಸ್ಸಿಗೆ ಅಷ್ಟು ಸಾಕು ಬಿಡಿ."

ನಾನು ದೊಡ್ಡಪ್ಪನ ಕಡೆ ತಿರುಗಿದೆ. ಅಂದುಕೊಂಡಂತೆಯೇ ಆಯಿತು. ದೊಡ್ಡಪ್ಪ ಎದ್ದರು, ಕೈ ಮುಗಿದರು, ಹೊರಟುಬಿಟ್ಟರು! ಆಟೋದಲ್ಲಿ ಒಂದೇ ಮಾತು: "ಅವರು ಬೆಸುಗೆ ಹಾಕೋ ಪೈಕಿ. ನಾನು ಮಾಡಿಸ್ಕೊಳ್ಳಲ್ಲ."

ಮನೆಯಲ್ಲಿ ದೊಡ್ಡಮ್ಮ ಅತ್ತರು, ಕೂಗಾಡಿದರು. "ರೀ, ಅದೇನು ಲ್ಯಾಪ್‌ಟಾಪಾ? ಎದೆ ಕಣ್ರೀ!"

"ಅದಕ್ಕೇ ಹೇಳ್ತಿರೋದು. ಲ್ಯಾಪ್‌ಟಾಪಿಗೇ ಅಷ್ಟು ನೋಡ್ದೋನು ಎದೆಗೆ ನೋಡ್ಬಾರ್ದಾ?"

ನನಗೂ ಹಟ ಬಂತು. ಈ ಮುದುಕರನ್ನು ಬಿಟ್ಟುಕೊಡುವುದಿಲ್ಲ ಎಂದು ರಜೆ ಹಾಕಿ ಆಸ್ಪತ್ರೆ ಆಸ್ಪತ್ರೆ ಸುತ್ತಿಸಿದೆ. ಅಂಗಡಿ ಸುತ್ತಿದ್ದಕ್ಕೆ ಬೈದುಕೊಂಡಿದ್ದೆನಲ್ಲ, ಈಗ ನಾನೇ ಮುಂದೆ ನಿಂತು ಕೇಳಿದೆ: "ಡಾಕ್ಟ್ರೇ, ಮುಂದಕ್ಕೆ ಬದಲಾಯಿಸೋಕೆ ಬರುತ್ತಾ?" ಕೊನೆಗೆ ಸಿಕ್ಕ ಲೇಡಿ ಡಾಕ್ಟರು ನಗಲಿಲ್ಲ. ಕಾಗದದ ಮೇಲೆ ಚಿತ್ರ ಬರೆದರು. "ಈಗ ಹಾಕೋ ಕವಾಟ ಸವೆದ ಮೇಲೆ ಮತ್ತೆ ಎದೆ ತೆರೆಯೋದು ಬೇಡ. ತೊಡೆಯ ರಕ್ತನಾಳದಿಂದ ಹೋಗಿ ಇದರೊಳಗೇ ಇನ್ನೊಂದು ಕೂರಿಸಬಹುದು. ಅದಕ್ಕೇ ಈಗ್ಲೇ ಆದಷ್ಟು ದೊಡ್ಡ ಸೈಜ್ ಹಾಕೋಕೆ ನೋಡ್ತೀನಿ ಅಂಕಲ್."

ದೊಡ್ಡಪ್ಪ ನನ್ನ ಕಡೆ ತಿರುಗಿದರು. ಮುಖವೆಲ್ಲ ಬೆಳಕು. "ಪುಟ್ಟೀ, ಪ್ರಾವಿಷನ್ ಇದೆ!"

ಆಸ್ಪತ್ರೆಗೆ ಸೇರುವ ಹಿಂದಿನ ದಿನ ನಾನು ಲ್ಯಾಪ್‌ಟಾಪಿಗೆ ಇನ್ನೊಂದು ರ‍್ಯಾಮ್ ತಂದುಕೊಟ್ಟೆ. ಅವರ ಊರು ಆಗಲೇ ಮತ್ತೆ ಕುಂಟತೊಡಗಿತ್ತು. ಡಬ್ಬಿಯನ್ನು ತೆರೆಯದೆ ಹಾಗೆಯೇ ಮೇಜಿನ ಮೇಲಿಟ್ಟರು. "ಇರ್ಲಿ. ಬಂದ್ಮೇಲೆ ಹಾಕ್ತೀನಿ" ಎಂದು ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು.

ಆಪರೇಷನ್ ಚೆನ್ನಾಗಿ ಆಯಿತು. ಬಂದರು. ಆದರೆ ಬಂದವರು ದೊಡ್ಡಪ್ಪನಲ್ಲ ಅನ್ನಿಸುವಂತಿತ್ತು. ಮೈ ಇಳಿದುಹೋಗಿತ್ತು, ಮಾತೂ ಇಳಿದುಹೋಗಿತ್ತು. ಕಿಟಕಿಯ ಹತ್ತಿರ ಸುಮ್ಮನೆ ಕೂರುವರು. ಲ್ಯಾಪ್‌ಟಾಪಿನ ಮೇಲೆ ಟವೆಲು ಹೊದಿಸಿತ್ತು. ಇಡ್ಲಿ ತಟ್ಟೆಗಳು ಅಡುಗೆಮನೆಗೆ ವಾಪಸು ಬಂದಿದ್ದವು, ಅವನ್ನು ಕಂಡರೆ ದೊಡ್ಡಮ್ಮನ ಕಣ್ಣು ತುಂಬುತ್ತಿತ್ತು. ವಾರಗಳು ಕಳೆದ ಮೇಲೊಂದು ದಿನ ನಾನು ಧೈರ್ಯ ಮಾಡಿ ಆ ಡಬ್ಬಿ ಎತ್ತಿ ತೋರಿಸಿದೆ. "ಹಾಕೋಣ್ವಾ ದೊಡ್ಡಪ್ಪ?"

"ಇನ್ಯಾಕೆ ಪುಟ್ಟಿ. ಇರೋದೇ ಸಾಕು ಬಿಡು."

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕೂತಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ದೊಡ್ಡಮ್ಮ ಮರುದಿನ ಸಂಜೆ ದೊಡ್ಡಪ್ಪನ ಶರ್ಟುಗಳನ್ನೆಲ್ಲ ಚೀಲಕ್ಕೆ ತುಂಬಿ, "ನಡೀರಿ, ಡಾಕ್ಟ್ರು ವಾಕಿಂಗ್ ಮಾಡಿ ಅಂದಿದ್ದಾರಲ್ಲ" ಎಂದು ಬೀದಿಯ ಕೊನೆಯ ಟೈಲರ್ ಅಂಗಡಿಗೆ ಹೊರಡಿಸಿದರು. ನಾನೂ ಜೊತೆಗೆ ಹೋದೆ. ಶರ್ಟುಗಳು ಅವರ ಮೈಮೇಲೆ ಗೂಟಕ್ಕೆ ನೇತುಹಾಕಿದಂತೆ ಜೋಲುತ್ತಿದ್ದವು.

ಟೈಲರ್ ಅಳತೆ ತೆಗೆದು ತಲೆ ಆಡಿಸಿದರು. "ತುಂಬಾ ಇಳಿದ್ಬಿಟ್ಟಿದ್ದೀರ ಸಾರ್. ಎರಡೂ ಪಕ್ಕ ಕತ್ತರಿಸಿ ನೀಟಾಗಿ ಫಿಟ್ಟಿಂಗ್ ಮಾಡಿಕೊಡ್ತೀನಿ."

"ಕತ್ತರಿ ಮುಟ್ಟಿಸ್ಬೇಡಿ!"

ದೊಡ್ಡಮ್ಮ ಕೂಗಿದ ರಭಸಕ್ಕೆ ಟೈಲರ್ ಕೈಯಲ್ಲಿದ್ದ ಟೇಪು ಬಿತ್ತು. ಜೀವನವಿಡೀ ಗಂಡನ ಖಾಲಿ ಜಾಗಗಳನ್ನು ಆಡಿಕೊಂಡು ಬಂದ ದೊಡ್ಡಮ್ಮ ಶರ್ಟನ್ನು ಕಿತ್ತುಕೊಂಡು ಎದೆಗೆ ಅವಚಿಕೊಂಡಿದ್ದರು. "ಒಂದು ನೂಲೂ ಕತ್ತರಿಸ್ಕೂಡದು. ಬಟ್ಟೆನೆಲ್ಲ ಒಳಗಡೆ ಮಡಚಿ ಹೊಲೀರಿ. ಇವರು ಮತ್ತೆ ತುಂಬ್ಕೋತಾರೆ. ಮುಂದಕ್ಕೆ ಬೇಕಾಗುತ್ತೆ."

ನಾನು ರಸ್ತೆಯ ಕಡೆ ಮುಖ ತಿರುಗಿಸಿಕೊಂಡು ಅತ್ತುಬಿಟ್ಟೆ.

ವಾಪಸು ಬರುವಾಗ ದೊಡ್ಡಪ್ಪ ಅರ್ಧ ದಾರಿಯಲ್ಲಿ ನಿಂತರು. ಮತ್ತೆ ಯಾವ ಮರವಪ್ಪಾ ಎಂದು ನಾನು ಗಾಬರಿಯಿಂದ ಸುತ್ತ ನೋಡಿದೆ. ಅವರು ದೊಡ್ಡಮ್ಮನನ್ನು ನೋಡುತ್ತಿದ್ದರು.

"ಒಳಗಡೆ ಧಾರಾಳವಾಗಿ ಬಿಡೋಕೆ ಹೇಳಿದೀಯ ತಾನೇ?"

"ಹೂಂ ರೀ. ಧಾರಾಳವಾಗಿ."

ಮನೆಗೆ ಬಂದವರೇ ಟವೆಲು ತೆಗೆದರು. "ಪುಟ್ಟೀ, ಸ್ಕ್ರೂಡ್ರೈವರ್ ಎಲ್ಲಿಟ್ಟಿದ್ದೀ?" ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಕೈಗೆ ಒತ್ತಡ ಕೂಡದಲ್ಲ, ಅವರು ಟಾರ್ಚು ಹಿಡಿದರು, ನಾನು ಬಿಚ್ಚಿದೆ. ಖಾಲಿ ಸ್ಲಾಟಿನಲ್ಲಿ ರ‍್ಯಾಮ್ ಇಟ್ಟು ಅಮುಕಿದೆ. ಟಕ್ ಎಂದು ಕೂತಿತು.

"ಎರಡೂ ತುಂಬ್ತಲ್ಲ ದೊಡ್ಡಪ್ಪ, ಇನ್ನು ಮುಂದಕ್ಕೆ?" ಎಂದು ರೇಗಿಸಿದೆ.

ಅವರು ಟಾರ್ಚಿನ ಬೆಳಕನ್ನು ನಿಧಾನವಾಗಿ ಮೂಲೆಗೆ ಸರಿಸಿದರು. "ಇನ್ನೊಂದು ಎಸ್‌ಎಸ್‌ಡಿಗೆ ಜಾಗ ಇದೆ ನೋಡು, ಊರುಗಳನ್ನ ಕೂಡಿಡೋಕೆ. ಇದನ್ನ ಸುಮ್ನೆ ತಗೊಂಡ್ನಾ ನಾನು?"

ನಾನು ಮುಚ್ಚಿ, ಸ್ಕ್ರೂ ಬಿಗಿದೆ. ಆನ್ ಮಾಡಲು ದೊಡ್ಡಪ್ಪ ಬೆರಳು ಚಾಚಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು.

"ತಡೀರಿ, ತಡೀರಿ!"

ದೊಡ್ಡಮ್ಮ ಒಂದು ಕೈಯಲ್ಲಿ ಇಡ್ಲಿ ತಟ್ಟೆಗಳನ್ನೂ ಇನ್ನೊಂದು ಕೈಯಲ್ಲಿ ದೋಸೆ ಹಿಟ್ಟಿನ ಪಾತ್ರೆಯನ್ನೂ ಹಿಡಿದು ಬಂದರು. ತಟ್ಟೆಗಳನ್ನು ಅಡಿಗೆ ಕೊಟ್ಟರು, ಪಾತ್ರೆಯನ್ನು ಬಿಸಿಗಾಳಿ ಬರುವ ಕಡೆಗೆ ಇಟ್ಟು ಮುಚ್ಚಳ ಸರಿಮಾಡಿದರು. ಆಮೇಲೆ ಮೂಗು ಒರೆಸಿಕೊಂಡು ಹೇಳಿದರು:

"ಹೂಂ, ಈಗ ಕರೀರಿ ನಿಮ್ಮ ಜನಾನ."