ಅಳತೆ ಪುಸ್ತಕದ ಹಿಂದಿನ ಹಾಳೆ

ದೇಶದ ಯಾವ ದೊಡ್ಡ ಮನುಷ್ಯ ಯಾವಾಗ ತೀರಿಕೊಳ್ಳುತ್ತಾನೆ ಎಂಬುದು ನಮ್ಮಣ್ಣನಿಗೆ ಯಮನಿಗಿಂತ ಮೊದಲೇ ಗೊತ್ತಾಗುತ್ತದೆ. ತೊಂದರೆ ಒಂದೇ. ಅದು ಯಮನಿಗೆ ಇನ್ನೂ ಗೊತ್ತಾಗಿಲ್ಲ!

ನಾನು ಓದಿದ್ದು ಎರಡನೇ ತರಗತಿ, ಅದೂ ಪೂರ್ತಿ ಅಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುವವಳು. ಮೇಲಾಗಿ ಈಗ ಮಡಿಲಲ್ಲಿ ಮೂರು ತಿಂಗಳ ಮೊಮ್ಮಗಳು ಮಲಗಿದ್ದಾಳೆ. ಅವಳು ಆಕಳಿಸಿದರೆ ನನ್ನ ಒಂದು ಸಾಲು ನಿಲ್ಲುತ್ತದೆ, ನಕ್ಕರೆ ಇಡೀ ಹಾಳೆಯೇ ಮರೆತುಹೋಗುತ್ತದೆ. ಇಂಥ ಕೂಸನ್ನು ಮಡಿಲಲ್ಲಿಟ್ಟುಕೊಂಡು ಸಾವಿನ ಮಾತೇಕೆ ಎನ್ನುತ್ತೀರಾ? ಈ ಕೂಸಿನ ಮಾತು ಹೇಳಬೇಕಾದರೆ ಅಣ್ಣನ ಮಾತು ಹೇಳಬೇಕು. ಅಣ್ಣನ ಮಾತು ಹೇಳಬೇಕಾದರೆ ಸಾವಿನ ಮಾತು ಹೇಳದೆ ಗತಿಯಿಲ್ಲ.

ನಮ್ಮಣ್ಣ ಶಿಕಾರಿಪುರದಲ್ಲಿ ಟೈಲರ್. ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು, ಮುಖದ ಮೇಲೆ ಸೂತಕ. ಮಧ್ಯಾಹ್ನ ಶಿವಮೊಗ್ಗದ ಬಸ್ಸಿನಲ್ಲಿ ಪೇಪರ್ ಬಂದೊಡನೆ ಮಿಷಿನ್ನು ನಿಲ್ಲುತ್ತದೆ. ಅವನು ಸುದ್ದಿ ಓದುವುದಿಲ್ಲ. ಫೋಟೋ ನೋಡುತ್ತಾನೆ. ಫೋಟೋದಲ್ಲಿಯೂ ಮುಖ ನೋಡುವುದಿಲ್ಲ. ಕಾಲರ್ ನೋಡುತ್ತಾನೆ!

“ಮುಖ ಸುಳ್ಳು ಹೇಳ್ತೈತೆ ತಂಗೀ. ಬಟ್ಟೆ ಹೇಳಲ್ಲ. ಹೊಲಿಸಿದಾಗ ಮೈ ಹೆಂಗಿತ್ತು, ಈಗ ಹೆಂಗೈತೆ, ಎಲ್ಲಾ ಕಾಲರ್ ಹೇಳ್ತೈತೆ.”

ಕಾಲರಿನೊಳಗೆ ಎರಡು ಬೆರಳು ಹೋಗುವಷ್ಟು ಜಾಗ ಕಂಡರೆ ಮುಗಿಯಿತು. ಅಂಗಿ ಅಳತೆ ಬರೆಯುವ ಪುಸ್ತಕವನ್ನು ಹಿಂದುಮುಂದು ತಿರುಗಿಸಿ ಕೊನೆಯ ಹಾಳೆಯಲ್ಲಿ ಆ ದೊಡ್ಡ ಮನುಷ್ಯನ ಹೆಸರು ಬರೆಯುತ್ತಾನೆ. ಹೆಸರಿನ ಮುಂದೆ ಗಡುವು: ದಸರೆಯೊಳಗೆ, ಸಂಕ್ರಾಂತಿಯೊಳಗೆ. ಮಂತ್ರಿಗಳು, ಪೈಲ್ವಾನರು, ಸಂಗೀತದವರು, ಯಾರನ್ನೂ ಬಿಟ್ಟವನಲ್ಲ. ಮುಂದಿನ ಹಾಳೆಗಳಲ್ಲಿ ಊರಿನವರ ಎದೆ, ತೋಳು. ಹಿಂದಿನ ಹಾಳೆಗಳಲ್ಲಿ ದೇಶದವರ ಆಯಸ್ಸು.

ಒಮ್ಮೆ ದಿಲ್ಲಿಯ ಕಡೆಯ ಒಬ್ಬ ಮುದಿ ಮಂತ್ರಿಯ ಫೋಟೋ ನೋಡಿ ಅಣ್ಣ ನಿಟ್ಟುಸಿರು ಬಿಟ್ಟ. “ಭುಜ ಇಳಿದೈತೆ ನೋಡ್ರಿ. ದಸರಾ ಕಾಣಲ್ಲ.” ಅಂಗಡಿಯಲ್ಲಿದ್ದವರೆಲ್ಲ ಲೊಚಗುಟ್ಟಿದರು. ಮಂತ್ರಿ ದಸರಾ ಕಂಡ. ಮತ್ತೊಂದು ದಸರಾ ಕಂಡ. ಮೂರನೆಯ ದಸರೆಗೆ ಎರಡನೇ ಮದುವೆಯಾದ! ಪೇಪರಿನಲ್ಲಿ ಮದುವೆಯ ಫೋಟೋ ಬಂತು. ಅಣ್ಣ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಹೊಸಾ ಕೋಟು ಹೊಲಿಸ್ಯಾನೆ. ನನಗೆ ಮೋಸ ಮಾಡ್ಯಾನೆ.”

ಇನ್ನೊಮ್ಮೆ ಊರಿಗೆ ನಾಟಕದ ಕಂಪನಿ ಬಂತು. ರಾಜಪಾರ್ಟಿನ ನಟ ಹೆಸರುವಾಸಿ. ವಯಸ್ಸು ಎಪ್ಪತ್ತರ ಹತ್ತಿರ. ಅವನಿಗೆ ಅಂಗಿ ಹೊಲಿಯುವ ಕೆಲಸ ಅಣ್ಣನಿಗೇ ಬಂತು. ಪೇಪರಿನಲ್ಲಿ ಕಾಣುತ್ತಿದ್ದ ಆಸಾಮಿ ಟೇಪಿನೊಳಗೇ ಸಿಕ್ಕಿದ! ಅಳತೆ ತೆಗೆದುಕೊಂಡು ಮನೆಗೆ ಬಂದವನೇ ಅಣ್ಣ ಕಂಬಕ್ಕೆ ಒರಗಿ ಕುಳಿತ.

“ಏನಾತ್ರೀ?” ಎಂದರು ಅತ್ತಿಗೆ.

“ಹಳೇ ಅಂಗಿಗೂ ಎದಿಗೂ ಮೂರು ಇಂಚು ಫರಕು. ಕಂಪನಿ ಊರು ಬಿಡೋದ್ರೊಳಗೆ ಮುಗೀತು. ಪುಣ್ಯಾತ್ಮ, ಎಷ್ಟು ಸಲ ನಮ್ಮನ್ನ ಅಳಿಸ್ಯಾನೆ. ನಾಳೆ ಹೋಳಿಗೆ ಮಾಡು. ಕಡೇ ಊಟ ನಮ್ಮನೇಲಿ ಆಗ್ಲಿ.”

ಮಾರನೆಯ ದಿನ ಆ ನಟ ಬಂದ. ಅಣ್ಣ ಕಣ್ಣೊರೆಸಿಕೊಳ್ಳುತ್ತಾ ತಾನೇ ಬಡಿಸಿದ. ಕಡೆಯ ಊಟದವನು ಎಂಟು ಹೋಳಿಗೆ ತಿಂದ! ಅತ್ತಿಗೆಗೆಂದು ತೆಗೆದಿಟ್ಟದ್ದೂ ಹೋಯಿತು. ಈಗಲೂ ವರ್ಷಕ್ಕೊಂದು ಕಾರ್ಡು ಬರೆಯುತ್ತಾನೆ: ‘ಹೋಳಿಗೆಗೆ ಯಾವಾಗ ಬರಲಿ?’

ಹೀಗೆ ಗಡುವು ಮೀರಿದಾಗಲೆಲ್ಲ ಅಣ್ಣ ಆ ಹೆಸರನ್ನು ಹೊಡೆದುಹಾಕುತ್ತಿದ್ದನೇ? ಉಹುಂ. ಅದರ ಪಕ್ಕದಲ್ಲಿ ಸಣ್ಣಗೆ ‘ತಡ’ ಎಂದು ಬರೆಯುತ್ತಿದ್ದ. “ಹಬ್ಬಕ್ಕೆ ಕೊಡ್ತೀನಂದ ಬಟ್ಟೆ ಹಬ್ಬ ಕಳೆದ ಮೇಲೆ ಕೊಡಲ್ವಾ? ಇದೂ ಹಂಗೇ. ತಡ ಆಗೈತೆ, ತಪ್ಪಿಲ್ಲ.” ಪಟ್ಟಿಯಲ್ಲಿಲ್ಲದ ಯಾರೋ ಪಟ್ಟನೆ ಸತ್ತರೆ ಅದಕ್ಕೂ ಉತ್ತರ ಸಿದ್ಧ: “ಆತ ಬರೀ ಶಾಲು ಹೊದೀತಿದ್ದ. ಶಾಲಿಗೆ ಕಾಲರ್ ಎಲ್ಲೈತೆ?” ಇಪ್ಪತ್ತು ವರ್ಷದಲ್ಲಿ ಒಂದು ಸಲವಾದರೂ ‘ನನ್ನ ಲೆಕ್ಕ ತಪ್ಪಿತು’ ಎಂದವನಲ್ಲ.

ನಮ್ಮ ಕಡೆ ಒಂದು ನಂಬಿಕೆಯಿದೆ. ತಲೆಗೆ ಕಾಗೆ ಬಡಿದರೆ, ಬಡಿಸಿಕೊಂಡವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತೇವೆ. ನೆಂಟರು ಅತ್ತುಬಿಟ್ಟರೆ ದೋಷ ಹೋಯಿತು, ಆಯಸ್ಸು ಗಟ್ಟಿಯಾಯಿತು. ಇದನ್ನು ಹಿಡಿದೇ ಎದುರಿನ ಹೋಟೆಲಿನವನು ಒಂದು ದಿನ ಅಣ್ಣನನ್ನು ಕೆಣಕಿದ.

“ಟೈಲರ್ರೇ, ನಿಮ್ಮ ಪುಸ್ತಕದಾಗೆ ಬಿದ್ದೋರು ಯಾರೂ ಸಾಯಂಗಿಲ್ಲ. ನಮ್ಮಪ್ಪನ ಹೆಸರೂ ಬರಕೊಳ್ರಿ ಮಾರಾಯ್ರೆ, ಇನ್ನೊಂದು ಹತ್ತು ವರ್ಷ ಇರ್ಲಿ!”

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. “ಊರೋರದು, ಮನೆಯೋರದು ಬರೆಯಲ್ಲ. ಇದು ವಿದ್ಯೆ, ಹುಡುಗಾಟ ಅಲ್ಲ” ಎಂದು ಎದ್ದುಬಂದ. ಒಂದು ತಿಂಗಳು ಆ ಹೋಟೆಲಿನ ಕಾಫಿ ಮುಟ್ಟಲಿಲ್ಲ.

ಅಲ್ಲಿಯವರೆಗೆ ನಾನೂ ನಗುತ್ತಿದ್ದೆ. ಆಮೇಲೆ ನಗುವ ಕಾಲ ಮುಗಿಯಿತು.

ನನ್ನ ಮಗಳು ನೀಲಮ್ಮನನ್ನು ಸೊರಬದ ಆಚೆ, ಕ್ಯಾಸನೂರಿನ ಕಾಡಿನ ಅಂಚಿನ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಈ ಸಲದ ಬೇಸಿಗೆಯಲ್ಲಿ ಅಲ್ಲಿ ಮಂಗಗಳು ಮರದಿಂದ ಹಣ್ಣು ಬಿದ್ದಂತೆ ಬಿದ್ದು ಸತ್ತವು. ಹಿಂದೆಯೇ ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದವರಿಗೆ ಜ್ವರ ಹತ್ತಿತು. ಗಟ್ಟಿಮುಟ್ಟಾದ ಪ್ರಾಯದವರು ವಾರದೊಳಗೆ ಹೋದರು. ಅವರ ಫೋಟೋ ಯಾವ ಪೇಪರಿನಲ್ಲಿಯೂ ಬರಲಿಲ್ಲ. ಅಣ್ಣ ಪೇಪರ್ ಬಿಚ್ಚುವುದನ್ನೇ ಬಿಟ್ಟ.

ಒಂದು ಬೆಳಿಗ್ಗೆ ಅಳಿಯ ಬಂದು ಬಾಗಿಲಲ್ಲಿ ನಿಂತ. ನೀಲಮ್ಮನಿಗೂ ಜ್ವರ. ಅವಳು ಆರು ತಿಂಗಳ ಬಸುರಿ.

ನಾನು ಉಟ್ಟ ಸೀರೆಯಲ್ಲೇ ಹೊರಟೆ. ಅವಳನ್ನು ಸೊರಬದ ಆಸ್ಪತ್ರೆಗೆ ಸೇರಿಸಿದ್ದರು. ಕಣ್ಣು ಕೆಂಡದ ಹಾಗೆ ಕೆಂಪು, ಒಸಡಿನಲ್ಲಿ ರಕ್ತ. “ಅವ್ವಾ, ತಲೆ ಒಡೀತೈತೆ” ಎನ್ನುವುದೊಂದೇ ಮಾತು. ಪಕ್ಕದ ಹಾಸಿಗೆಯಲ್ಲಿ ಅವಳದೇ ವಯಸ್ಸಿನ ಇನ್ನೊಬ್ಬ ಹೆಂಗಸಿಗೂ ಅದೇ ಜ್ವರ. ಡಾಕ್ಟರು ಬಂದು ನೋಡಿ, ನನ್ನ ಮುಖ ನೋಡದೆ ಹೋಗುತ್ತಿದ್ದರು.

ನಾಲ್ಕನೆಯ ದಿನ ಅಣ್ಣ ಬಸ್ಸಿಳಿದು ಬಂದ. ಅವಸರದಲ್ಲಿ ಕೊರಳಿನ ಟೇಪು ತೆಗೆದಿಡುವುದನ್ನೂ ಮರೆತಿದ್ದ. ಕಂಕುಳಲ್ಲಿ ಅಳತೆ ಪುಸ್ತಕ. ಹಾಸಿಗೆಯ ಪಕ್ಕ ನಿಂತು ಸೋದರಸೊಸೆಯನ್ನು ನೋಡಿದ. ಅವನೇ ಹೊಲಿದ ಕುಪ್ಪಸ ಭುಜದ ಮೇಲೆ ಜೋತು ಬಿದ್ದಿತ್ತು. ಅವನ ಕಣ್ಣು ಅಲ್ಲಿಗೆ ಹೋದದ್ದು ಕಂಡು ನಾನು ಹೊದಿಕೆಯನ್ನು ಅವಳ ಗದ್ದದವರೆಗೆ ಎಳೆದೆ. ಅವನು ಹೊರಗಿನ ಬೆಂಚಿನ ಮೇಲೆ ಹೋಗಿ ಕುಳಿತ.

ಸ್ವಲ್ಪ ಹೊತ್ತಿಗೆ ನಾನು ನೀರು ತರಲು ಹೊರಗೆ ಬಂದೆ. ಪುಸ್ತಕ ಹಿಂದುಮುಂದಾಗಿ ತೊಡೆಯ ಮೇಲಿತ್ತು. ಪೆನ್ಸಿಲು ಕೈಯಲ್ಲಿತ್ತು. ನಾನು ಬಗ್ಗಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ನೀಲಮ್ಮ. ಮುಂದೆ, ಯುಗಾದಿಯೊಳಗೆ.

ಕೈಯ ಚೊಂಬು ಬಿತ್ತು.

“ನಿನ್ನ ಕೈಗೆ ಹಾವು ಕಡಿಯ! ನನ್ನ ಮಗಳೇ ಬೇಕಾಗಿತ್ತೇನೋ ನಿನಗೆ? ಎತ್ತಿ ಆಡಿಸಿದ ಕೂಸಲ್ಲೇನೋ ಅದು? ಹೊಡೆದುಹಾಕು, ಈಗಲೇ ಹೊಡೆದುಹಾಕು!”

ಅಣ್ಣ ಪುಸ್ತಕವನ್ನು ಎದೆಗೆ ಅವುಚಿಕೊಂಡ.

“ತಂಗೀ, ಇದ್ರಾಗೆ ಬರೆದೋರು ಒಬ್ಬರಾದ್ರೂ ಸತ್ತಾರಾ?”

ನಾನು ಬಿದ್ದ ಚೊಂಬು ಎತ್ತಿಕೊಂಡೆ.

“ಹೇಳು. ಇಪ್ಪತ್ತು ವರ್ಷದಾಗೆ ಒಬ್ಬರು?”

“ಇಲ್ಲ.”

“ನನಗೆ ಏನೂ ಗೊತ್ತಾಗಲ್ಲ ಕಣವ್ವಾ. ಕಾಲರ್ ನೋಡಿದ್ರೆ ಕಾಲರ್ ಗೊತ್ತಾಗ್ತೈತೆ, ಅಷ್ಟೇ. ಮೊದಲಿಂದ್ಲೂ ಅಷ್ಟೇ.” ಅವನು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. “ಅದಕ್ಕೇ ಬರೆದೀನಿ. ಇರ್ಲಿ ಬಿಡು.”

ನಾನು ಅವನ ಪಕ್ಕದಲ್ಲಿ ಕುಳಿತೆ. ಊರೆಲ್ಲ ನಕ್ಕಾಗಲೂ ಬಿಟ್ಟುಕೊಡದ ವಿದ್ಯೆಯನ್ನು ಅವನು ಒಂದು ಮುರುಕು ಬೆಂಚಿನ ಮೇಲೆ ಕುಳಿತು ಬಿಟ್ಟುಕೊಟ್ಟಿದ್ದ.

ಜ್ವರ ಇಳಿಯಿತು, ಮತ್ತೆ ಬಂತು, ಮತ್ತೆ ಇಳಿಯಿತು. ಯುಗಾದಿಯ ಬೆಳಿಗ್ಗೆ ನನ್ನ ಮಗಳು ಎದ್ದು ಕುಳಿತು ಬೇವು ಬೆಲ್ಲ ತಿಂದಳು. ಡಾಕ್ಟರ ಔಷಧಿಯೋ, ಅಣ್ಣನ ಪೆನ್ಸಿಲೋ, ನಾನು ಯಾವುದನ್ನೂ ಜರಿಯುವವಳಲ್ಲ. ಆದರೆ ಪಕ್ಕದ ಹಾಸಿಗೆಯ ಹೆಂಗಸು ಮನೆಗೆ ಹೋಗಲಿಲ್ಲ. “ಆಕೆ ಹೆಸರು ಕೇಳಿ ಬರೆಯಬೇಕಾಗಿತ್ತು ತಂಗೀ, ನನಗೆ ಹೊಳೀಲಿಲ್ಲ” ಎಂದು ಅಣ್ಣ ಈಗಲೂ ಅನ್ನುತ್ತಾನೆ.

ಮುಂಗಾರಿನಲ್ಲಿ ನನ್ನ ಬಂಗಾರ ಹುಟ್ಟಿತು! ಎಂಥ ಕೂಗು ಅಂತೀರಿ! ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ಬಾಣಂತಿ ನಿತ್ರಾಣವಾಗಿದ್ದಳೆಂದು ತೊಟ್ಟಿಲ ಶಾಸ್ತ್ರವನ್ನು ಮೂರು ತಿಂಗಳಿಗೆ ಇಟ್ಟುಕೊಂಡೆವು. ಹೋದ ವಾರ ಅದಾಯಿತು. ಅಣ್ಣ ಕೆಂಪು ಕುಲಾವಿ ಹೊಲಿದು ತಂದ. ಅಳತೆಗೆಂದು ಆ ಪುಟ್ಟ ತಲೆಗೆ ಟೇಪು ಸುತ್ತಿದ್ದೇ ಐದು ಸಲ. ಒಂದು ಸಲ ಸಾಕಾಗುವುದಿಲ್ಲವೇ?

ಅವನು ಬಗ್ಗಿ ತೊಟ್ಟಿಲು ತೂಗುತ್ತಿದ್ದ. ನಾನು ಹಿಂದೆ ನಿಂತಿದ್ದೆ. ಅವನು ತನಗೇ ಹೊಲಿದುಕೊಂಡ ಬಿಳಿ ಅಂಗಿ, ಎರಡು ವರ್ಷದ್ದು. ಅದರ ಕಾಲರಿನೊಳಗೆ ಎರಡು ಬೆರಳಲ್ಲ, ಮೂರು ಬೆರಳು ಹೋಗುವಷ್ಟು ಜಾಗವಿತ್ತು.

ಅವನು ಬಂದೊಡನೆ ಗೂಡಿನಲ್ಲಿಟ್ಟಿದ್ದ ಪುಸ್ತಕ ತೆಗೆದು ಕೊನೆಯ ಹಾಳೆ ತಿರುಗಿಸಿದೆ. ನೀಲಮ್ಮನ ಕೆಳಗೆ, ಎರಡನೇ ತರಗತಿಯ ನನ್ನ ಅಕ್ಷರದಲ್ಲಿ, ಅವನ ಹೆಸರು ಬರೆದೆ. ಮುಂದೆ, ದೀಪಾವಳಿಯೊಳಗೆ.

ತಿರುಗಿ ನೋಡಿದರೆ ಅಣ್ಣ ನೋಡುತ್ತಿದ್ದಾನೆ. ಪುಸ್ತಕ ಇಸಿದುಕೊಂಡು ಓದಿದ. ಕಿವಿಯ ಮೇಲಿನ ಪೆನ್ಸಿಲು ತೆಗೆದು ನಾಲಿಗೆಗೆ ಒತ್ತಿಕೊಂಡ. ತನ್ನ ಹೆಸರಿನ ಪಕ್ಕದಲ್ಲಿ, ಗಡುವು ಬರುವ ಮೊದಲೇ, ಸಣ್ಣಗೆ ‘ತಡ’ ಎಂದು ಬರೆದ. ಆಮೇಲೆ ತೊಟ್ಟಿಲಿನ ಹಗ್ಗ ಹಿಡಿದುಕೊಂಡ.