ಮೂರು ಬಾಗಿಲಿನ ಸಮುದ್ರ

ಸಾಗರತಳದ ಚಾರ್ಟನ್ನು ಗೆದ್ದಲು ತಿಂದುಹಾಕಿತ್ತು. ಪಕ್ಕದಲ್ಲೇ ಮರುಭೂಮಿಯ ಚಾರ್ಟಿತ್ತು, ಕಾಡಿನ ಚಾರ್ಟಿತ್ತು. ಮರ ತಿನ್ನುವ ಹುಳಕ್ಕೆ ಕಾಡು ಸಾಲದೆ? ಅದೆಲ್ಲ ಬಿಟ್ಟು ಸಮುದ್ರಕ್ಕೇ ಬಾಯಿ ಹಾಕಿತ್ತು. ಅದೂ ಇನ್‌ಸ್ಪೆಕ್ಟರ್ ಸಾಹೇಬರು ಪಾಠ ನೋಡಲು ಬರುವ ದಿನವೇ.

ಭೂಗೋಳದ ಮೇಷ್ಟ್ರು ಜರಡಿಯಂತಾಗಿದ್ದ ಕಾಗದವನ್ನು ಬೆಳಕಿಗೆ ಹಿಡಿದು ನಿಂತರು. ಅಳು ಬರುವುದೊಂದೇ ಬಾಕಿ. ಅವರ ಹೆಂಡತಿಗೆ ದೂರದ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸ, ಮಗಳೂ ಅಲ್ಲೇ. ಆರು ವರ್ಷದಿಂದ ಅವರು ವರ್ಗಾವಣೆಗೆ ಅರ್ಜಿ ಹಾಕುತ್ತಲೇ ಇದ್ದರು. ಮಗಳು ಅವರನ್ನು ‘ಭಾನುವಾರದ ಅಪ್ಪ’ ಎಂದು ಕರೆಯತೊಡಗಿದ್ದಳು. ಈ ಸಲ ಆ ಪಟ್ಟಣದ ಶಾಲೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಯಾವ ವಿಷಯದ ಮೇಷ್ಟ್ರಾದರೂ ಸರಿ, ಈ ಶಾಲೆಯಿಂದಲೇ ಒಬ್ಬರನ್ನು ಕಳಿಸುತ್ತಾರಂತೆ, ಇನ್‌ಸ್ಪೆಕ್ಟರು ಹೇಳಿದವರಿಗೇ ಅದೃಷ್ಟವಂತೆ. ಅವರ ಮನಸ್ಸು ಗೆದ್ದರೆ ಗಂಟುಮೂಟೆ ಕಟ್ಟುವುದೊಂದೇ ಕೆಲಸ ಎಂದು ಮೇಷ್ಟ್ರು ನಂಬಿದ್ದರು.

“ಚಾರ್ಟ್ ಹೋದ್ರೆ ಏನ್ರೀ, ಬೋರ್ಡ್ ಇಲ್ವಾ?” ಎಂದರು ಪಕ್ಕದ ತರಗತಿಯ ಲೆಕ್ಕದ ಮೇಷ್ಟ್ರು. ಶಾಲೆಯ ಎದುರಿಗೇ ಸ್ವಂತ ಮನೆ ಕಟ್ಟಿಕೊಂಡು, ಬೆಲ್ ಹೊಡೆದ ಮೇಲೆ ಚಪ್ಪಲಿ ಹುಡುಕುವ ಸುಖಪುರುಷರು ಅವರು. “ನನ್ನ ನೋಡಿ. ಒಂದ್ಸಲ ಬೋರ್ಡಿನ ಕಡೆ ಮುಖ ಮಾಡಿದ್ರೆ ಪೀರಿಯಡ್ ಮುಗಿಯೋ ತನಕ ಹಿಂದೆ ತಿರುಗಲ್ಲ. ಒಂದು ಮಗು ಪಿಟ್ಟೆನ್ನಲ್ಲ. ಅದು ಶಿಸ್ತು!”

ಭೂಗೋಳದ ಮೇಷ್ಟ್ರು ಹಲ್ಲು ಕಚ್ಚಿಕೊಂಡು ತರಗತಿಗೆ ಹೋದರು. ಅವರ ಕೋಣೆ ಹಿಂದೊಮ್ಮೆ ಗೋದಾಮಾಗಿತ್ತು. ಉದ್ದಕ್ಕೆ ರೈಲುಡಬ್ಬಿಯ ಹಾಗಿತ್ತು. ನಡುವೆ ಹಜಾರದ ಕಡೆಗೊಂದು ಬಾಗಿಲು, ಎರಡೂ ತುದಿಗಳಲ್ಲಿ ಮೈದಾನದ ಕಡೆಗೆ ಒಂದೊಂದು ಬಾಗಿಲು.

“ಸಮುದ್ರದ ತಳದಲ್ಲಿ ಉದ್ದಕ್ಕೂ ಬಿರುಕಿದೆ. ಅದರೊಳಗಿಂದ ಲಾವಾರಸ ಉಕ್ಕಿ, ತಣ್ಣಗಾಗಿ, ಹೊಸ ನೆಲ ಹುಟ್ಟುತ್ತಾ ಇರುತ್ತೆ” ಎಂದು ಶುರುಮಾಡಿದರು.

ಎರಡು ಜಡೆಯ ಕ್ಲಾಸ್ ಲೀಡರ್ ಎದ್ದು ನಿಂತಳು. “ಸಾರ್, ಹುಟ್ತಾನೇ ಇದ್ರೆ ಭೂಮಿ ದೊಡ್ಡದಾಗಿ ಒಡೆದೋಗಲ್ವಾ?”

ಒಳ್ಳೆಯ ಪ್ರಶ್ನೆಯೇ. ಚಾರ್ಟಿದ್ದಿದ್ದರೆ ಬೆರಳಿಟ್ಟು ತೋರಿಸಬಹುದಿತ್ತು. ಮೇಷ್ಟ್ರು ಅತ್ತಿತ್ತ ನೋಡಿದರು. ಮೂರು ಬಾಗಿಲು ಕಂಡವು. ಮುಖ ಅರಳಿತು.

“ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ಎಲ್ರೂ ಹಜಾರಕ್ಕೆ ನಡೀರಿ. ಇವತ್ತು ನೀವೇ ಲಾವಾರಸ! ಈ ನಡುಬಾಗಿಲೇ ಬಿರುಕು. ಇಬ್ಬಿಬ್ಬರು ಒಳಗೆ ಬನ್ನಿ. ಒಬ್ರು ಎಡಕ್ಕೆ, ಒಬ್ರು ಬಲಕ್ಕೆ. ಹಿಂದೆ ಬಂದೋರು ಮುಂದಿನೋರನ್ನ ಮೆಲ್ಲಗೆ ತಳ್ಳಿ. ಬಿರುಕಿನ ಹತ್ರ ಇರೋರು ಹೊಸ ನೆಲ, ದೂರ ಹೋದೋರು ಹಳೇ ನೆಲ.”

“ತುದಿ ಬಂದ್ರೆ ಸಾರ್?”

“ಅದು ಕಂದಕ. ತಲೆ ಬಗ್ಗಿಸಿ ಆ ಬಾಗಿಲಿಂದ ಹೊರಗೆ ಇಳೀರಿ. ಹಳೇ ನೆಲ ಭೂಮಿ ಹೊಟ್ಟೆಗೆ ವಾಪಸ್ ಹೋಗುತ್ತೆ. ಒಂದು ಕಡೆ ಹುಟ್ಟಿದಷ್ಟು ಇನ್ನೊಂದು ಕಡೆ ಮುಳುಗುತ್ತೆ, ಅದಕ್ಕೇ ಭೂಮಿ ದೊಡ್ಡದಾಗಲ್ಲ. ಇಳಿದೋರು ಸುತ್ತಿ ಬಂದು ಮತ್ತೆ ಹಜಾರದಲ್ಲಿ ನಿಲ್ಲಿ. ನಿಧಾನ! ಇದು ಉಗುರು ಬೆಳೆಯೋ ವೇಗದಲ್ಲಿ ನಡೆಯೋ ಕೆಲಸ.”

ಉಗುರಿನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಮುದ್ರದ ತಳ ಕುದುರೆಯಂತೆ ಓಡಿತು. ಮೇಷ್ಟ್ರಿಗೆ ಆನಂದವೋ ಆನಂದ. ಹನ್ನೆರಡು ವರ್ಷ ಬಾಯಲ್ಲಿ ಹೇಳಿದ್ದು ಇವತ್ತು ಕಣ್ಣೆದುರು ನಡೆಯುತ್ತಿತ್ತು.

ತೊಂದರೆ ಕಂದಕದ ಆಚೆಗಿತ್ತು. ಮೈದಾನದಲ್ಲಿ ಡ್ರಿಲ್ ಮೇಷ್ಟ್ರು ಒಬ್ಬರೇ ಚೆಂಡಿಗೆ ಗಾಳಿ ತುಂಬುತ್ತಿದ್ದರು. ಎರಡು ಬಾಗಿಲಿಂದ ಪುಟಪುಟನೆ ಮಕ್ಕಳು ಉದುರುವುದನ್ನು ಕಂಡು ಅವರು ಕಾರಣ ಕೇಳುವ ಗೋಜಿಗೇ ಹೋಗಲಿಲ್ಲ. ಎರಡು ತಂಡ ಮಾಡಿ ಸೀಟಿ ಊದಿದರು. ಭೂಮಿಯ ಹೊಟ್ಟೆ ಸೇರಿದ ನೆಲ ಅಲ್ಲೇ ಆಟಕ್ಕಿಳಿಯಿತು, ಸುತ್ತಿ ಬರಲಿಲ್ಲ.

ಒಳಗೆ ಮೇಷ್ಟ್ರು ಮೈಮರೆತು ಕೂಗುತ್ತಿದ್ದರು. “ಬನ್ನಿ, ಬನ್ನಿ! ಬಿರುಕು ಖಾಲಿ ಇರಬಾರದು!”

ಗುರುಗಳ ಮಾತೆಂದರೆ ಕ್ಲಾಸ್ ಲೀಡರಿಗೆ ಕಲ್ಲಿನ ಮೇಲೆ ಬರೆದಂತೆ. ಅವಳು ಪಕ್ಕದ ತರಗತಿಯ ಬಾಗಿಲಲ್ಲಿ ನಿಂತು ಸುಮ್ಮನೆ ಕೈಸನ್ನೆ ಮಾಡಿದಳು. ಲೆಕ್ಕದ ಮೇಷ್ಟ್ರು ಬೋರ್ಡಿಗೆ ಮುಖ ಮಾಡಿ ಭಾಗಾಕಾರದಲ್ಲಿ ಮುಳುಗಿದ್ದರು. ನಲವತ್ತು ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಲಾವಾರಸವಾಗಲು ಹೊರಟುಬಂದರು. ಒಂದು ಮಗುವೂ ಪಿಟ್ಟೆನ್ನಲಿಲ್ಲ.

ಸಾಹೇಬರು ಬಂದದ್ದು ಆಗ. ಹೆಡ್‌ಮೇಡಂ ದಾರಿ ತೋರಿಸುತ್ತ, “ಬನ್ನಿ ಸಾರ್, ಇದೇ ಭೂಗೋಳದ—” ಎನ್ನುವಷ್ಟರಲ್ಲಿ ಲಾವಾರಸ ಉಕ್ಕಿತು. ಸಾಹೇಬರು ನಡುಬಾಗಿಲಿಂದ ಒಳಗೆ ಬಂದರು, ಎಡಕ್ಕೆ ತಿರುಗಿದರು, ಸರಿಯುತ್ತಾ ಹೋದರು.

“ಏಯ್, ತಳ್ಳಬೇಡ್ರೋ! ನಾನು ಯಾರು ಗೊತ್ತಾ?” ಎಂದರು ಸಾಹೇಬರು.

“ಗೊತ್ತು ಸಾರ್,” ಎಂದಳು ಹಿಂದಿದ್ದ ಪುಟ್ಟ ಹುಡುಗಿ, “ನೀವು ಹಳೇ ನೆಲ. ಬಾಗಿಲು ಬಂತು, ತಲೆ ಬಗ್ಗಿಸಿ.”

ಸಾಹೇಬರು ತಲೆ ಬಗ್ಗಿಸಿದರು. ಕಂದಕದಲ್ಲಿ ಮಾಯವಾದರು.

ಮುಗಿಯಿತು ಎಂದುಕೊಂಡು ಮೇಷ್ಟ್ರು ಅಲ್ಲೇ ಬೆಂಚಿನ ಮೇಲೆ ಕುಸಿದರು. ಮಗಳ ಮುಖ ಕಣ್ಣಮುಂದೆ ಬಂತು. ಎರಡು ನಿಮಿಷ ಕಳೆದಿರಬೇಕು, ನಡುಬಾಗಿಲಿಂದ ಸಾಹೇಬರು ಮತ್ತೆ ಉಕ್ಕಿ ಬಂದರು. ಕೋಟು ಕೈಯಲ್ಲಿತ್ತು, ಮುಖ ತುಂಬಾ ನಗು. ಈ ಸಲ ತಾವಾಗಿಯೇ ಬಲಕ್ಕೆ ತಿರುಗಿದರು.

ಬೆಲ್ ಹೊಡೆದ ಮೇಲೆ ಹೆಡ್‌ಮೇಡಂ ಕೋಣೆಯಲ್ಲಿ ಸಾಹೇಬರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. “ಮೂವತ್ತು ವರ್ಷದ ಸರ್ವಿಸಿನಲ್ಲಿ ಇಂಥ ಪಾಠ ನೋಡಿಲ್ಲ ಕಣ್ರೀ! ಸಮುದ್ರದ ತಳ ಏನು ಅಂತ ನನಗೇ ಇವತ್ತು ಅರ್ಥ ಆಯ್ತು.”

ಮೇಷ್ಟ್ರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. “ಸಾರ್, ಹಾಗಾದ್ರೆ ಆ ಪಟ್ಟಣದ ಜಾಗ...”

“ಅಯ್ಯೋ, ಅದೂ ಇವತ್ತೇ ಮುಗೀತು! ಈ ಶಾಲೇಲಿ ಮಕ್ಕಳಿಲ್ದೆ ಹೆಚ್ಚಾಗಿರೋ ಮೇಷ್ಟ್ರನ್ನ ಅಲ್ಲಿಗೆ ಕಳಿಸಿ ಅಂತ ಮೇಲಿನ ಆರ್ಡರು. ಯಾರಪ್ಪಾ ಅಂತ ತಲೆ ಕೆಡಿಸ್ಕೊಂಡಿದ್ದೆ. ಎರಡನೇ ಸುತ್ತು ಬರ್ತಾ ಪಕ್ಕದ ಕೋಣೆಗೆ ಇಣುಕಿದೆ. ಪಾಪ, ಒಂದೇ ಒಂದು ಮಗು ಇಲ್ಲ, ಖಾಲಿ ಬೆಂಚುಗಳಿಗೆ ಭಾಗಾಕಾರ ಹೇಳ್ಕೊಡ್ತಾ ಇದ್ದಾರೆ! ಅವರನ್ನೇ ಬರೆದುಬಿಟ್ಟೆ. ಶಾಲೆ ಮಕ್ಕಳೆಲ್ಲ ನಿಮ್ಮ ಹತ್ರ ಇರುವಾಗ ನಿಮ್ಮನ್ನ ಕೀಳೋಕೆ ನನಗೆ ಮನಸ್ಸು ಬರುತ್ತೇನ್ರೀ? ಲೆಕ್ಕಾನೂ ಇನ್ಮೇಲೆ ನೀವೇ ತಗೊಳ್ಳಿ.”

ಹೊರಗೆ ಬಂದರೆ ಲೆಕ್ಕದ ಮೇಷ್ಟ್ರು ಕಂಬ ಹಿಡಿದುಕೊಂಡು ನಿಂತಿದ್ದರು. ಎದುರಿಗಿದ್ದ ತಮ್ಮ ಹೊಸ ಮನೆಯನ್ನು ನೋಡುತ್ತ ಮಕ್ಕಳ ಹಾಗೆ ಅಳುತ್ತಿದ್ದರು. ಬಿಕ್ಕುತ್ತಲೇ ಇವರ ಹತ್ತಿರ ಒಂದು ಉಪಕಾರ ಕೇಳಿಕೊಂಡರು. ಭೂಗೋಳದ ಮೇಷ್ಟ್ರಿಗೂ ಅವರ ಜೊತೆ ನಿಂತು ಅಳಬೇಕೆನಿಸಿತು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

“ಏನ್ರೀ, ವರ್ಗ ಆಯ್ತಾ?”

“ಆಯ್ತು.”

“ನಿಜವಾಗ್ಲೂ? ಪುಟ್ಟೀ, ಬಾರೇ ಇಲ್ಲಿ! ಯಾವತ್ತು ಬರ್ತೀರಿ?”

“ಸೋಮವಾರ. ನಾನಲ್ಲ ಕಣೇ, ಲೆಕ್ಕದ ಮೇಷ್ಟ್ರು. ಒಂದು ಬಾಡಿಗೆ ಮನೆ ನೋಡಿಡ್ಬೇಕಂತೆ. ನಮ್ಮ ಪಕ್ಕದಲ್ಲೇ ಸಿಕ್ಕಿದ್ರೂ ಪರವಾಗಿಲ್ವಂತೆ.”